ಇಪ್ಪತ್ತೊಂದಡಿ ಎಂಟಿಂಚಿನ ಕತ್ತೆ

ಸೆಪ್ಟೆಂಬರ್ 6, 2004, ಸೋಮವಾರ

ಇವತ್ತು ಆಫೀಸಿಗೆ ಎರಡು ಪೀಡೆಗಳು ಬಂದವು. ಒಂದು ಕಂಪ್ಯೂಟರು, ಇನ್ನೊಂದು ಅದನ್ನು ನಡೆಸುವ ಹುಡುಗಿ. ಕಂಪ್ಯೂಟರು ಹೊಸಪೇಟೆಯಿಂದ ಬಂತು, ಹುಡುಗಿ ಕಾರಟಗಿಯಿಂದ ಬಂದಳು. ಡಿಪ್ಲೊಮಾ ಮುಗಿಸಿದ್ದಾಳಂತೆ, ಹೆಸರು ಅಂಜಲಿಯಂತೆ. ಇಬ್ಬರನ್ನೂ ನಮ್ಮ ಇಂಜಿನಿಯರ್ ಗೋವಿಂದರಾಜ ಸಾಹೇಬರೇ ಬಾಗಿಲಿಗೆ ಬಂದು ಬರಮಾಡಿಕೊಂಡರು. ಇಪ್ಪತ್ತೆರಡು ವರ್ಷದ ಹಿಂದೆ ನಾನು ಐಟಿಐ ಸರ್ಟಿಫಿಕೇಟು ಹಿಡಿದು ಇದೇ ಬಾಗಿಲಿಗೆ ಬಂದಾಗ ಅವರ ತಂದೆ ಚಪ್ಪಲಿ ಹೊರಗೆ ಬಿಡು ಎಂದಷ್ಟೇ ಹೇಳಿದ್ದರು.

ಕೊಪ್ಪಳದಲ್ಲಿ ಇವತ್ತು ನೆಲದ ಮೇಲೆ ನಿಂತಿರುವ ಎಷ್ಟೋ ಮನೆಗಳು ಮೊದಲು ನನ್ನ ಡ್ರಾಯಿಂಗ್ ಬೋರ್ಡಿನ ಮೇಲೆ ನಿಂತವು. ಅದನ್ನು ಯಾರೂ ನೆನೆಯಲಿಲ್ಲ. ಮಧ್ಯಾಹ್ನ ಸಾಹೇಬರು ನನ್ನನ್ನು ಒಳಗೆ ಕರೆದು ಹೇಳಿದರು: "ಮಾರೆಪ್ಪ, ದೀಪಾವಳಿ ಒಳಗ ಇದನ್ನ ಕಲೀರಿ. ಆಗಲಿಲ್ಲಂದ್ರ ಸೈಟ್ ನೋಡ್ಕೋರಿ."

ಸೈಟ್ ನೋಡಿಕೊಳ್ಳುವುದೆಂದರೆ ಬಿಸಿಲಲ್ಲಿ ಸಿಮೆಂಟ್ ಚೀಲ ಕಾಯುವುದು, ಗೋಡೆಗೆ ನೀರು ಹೊಡೆದರೋ ಇಲ್ಲವೋ ಎಂದು ಕೇಳುತ್ತ ತಿರುಗುವುದು. ನಲವತ್ತೇಳನೇ ವಯಸ್ಸಿಗೆ ನನಗೆ ಈ ಗತಿ ಬರಬೇಕೆ? ಇದನ್ನು ಮನೆಯಲ್ಲಿ ಗಾಳೆಮ್ಮನಿಗೆ ಹೇಳಿದರೆ ಓಣಿಯ ನಲ್ಲಿಯವರೆಗೂ ಸುದ್ದಿ ಹೋಗುತ್ತದೆ. ಹೆಂಡತಿಗೆ ಹೇಳಲಾರದ್ದನ್ನು ಬರೆಯಲೆಂದೇ ಸಿಮೆಂಟ್ ಕಂಪನಿಯವರು ಕೊಟ್ಟ ಈ ಡೈರಿಯನ್ನು ಹೊರಗೆ ತೆಗೆದಿದ್ದೇನೆ.

ಒಂದು ಮಾತು ಬರೆದಿಡುತ್ತೇನೆ. ನನ್ನ ಬೋರ್ಡಿನ ಮೇಲೆ ಚಹಾದ ಗ್ಲಾಸು ಬಂದು ಕೂತ ದಿನ ನಾನು ಈ ಆಫೀಸು ಬಿಡುತ್ತೇನೆ.

ಸೆಪ್ಟೆಂಬರ್ 9, ಗುರುವಾರ

ಆ ಹುಡುಗಿ ಚಹಾದ ಗ್ಲಾಸನ್ನು ನನ್ನ ಬೋರ್ಡಿನ ಮೇಲೆ ಇಟ್ಟಳು.

ಸತ್ತ ಇಲಿ ಎತ್ತುವ ಹಾಗೆ ಎರಡು ಬೆರಳಲ್ಲಿ ಎತ್ತಿ ಅವಳ ಕೈಗೆ ಕೊಟ್ಟೆ. ಇದು ಟೇಬಲ್ ಅಲ್ಲವ್ವಾ ಎಂದೆ. ಅವಳು ತಪ್ಪಾಯಿತು ಎಂದು ಓಡಿ ಹೋಗಿ ಬಟ್ಟೆ ತಂದು ಬೋರ್ಡು ಒರೆಸಿದಳು. ಅದರಿಂದ ನನಗೆ ಇನ್ನೂ ಸಿಟ್ಟು ಬಂತು, ಏಕೆಂದರೆ ಜಗಳಕ್ಕೆಂದು ತಯಾರು ಮಾಡಿಕೊಂಡಿದ್ದ ಮೂರು ಮಾತು ಬಾಯಲ್ಲೇ ಉಳಿದವು. ಆಫೀಸು ಬಿಡುವ ವಿಚಾರ ಮಾಡಿದೆ. ಆದರೆ ಗ್ಲಾಸು ಅರ್ಧ ನಿಮಿಷವೂ ಇರಲಿಲ್ಲ, ಅದನ್ನು ಕೂತದ್ದು ಎಂದು ಹೇಳಲು ಬರುವುದಿಲ್ಲ.

ಸಂಜೆ ಸಾಹೇಬರ ಬಲವಂತಕ್ಕೆ ಮೌಸ್ ಹಿಡಿದೆ. ಗೆರೆಯೊಂದನ್ನು ಎಳೆಯಲು ಹೋದರೆ ಅದು ಪರದೆಯ ಆಚೆ ಹೋಗಿ ತಿರುಗಿ ಬರಲೇ ಇಲ್ಲ. ಹುಡುಗಿ ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು.

ಸೆಪ್ಟೆಂಬರ್ 20, ಸೋಮವಾರ

ಅಳವಂಡಿಯ ಕನಕಪ್ಪ ಬಂದಿದ್ದ. ಗಿಣಿಗೇರಾದ ಕಾರ್ಖಾನೆಯಲ್ಲಿ ಕೆಲಸ, ಊರಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದಾನೆ. ಕಳೆದ ತಿಂಗಳೇ ಅವನಿಗೆ ನಕ್ಷೆ ಬರೆದುಕೊಟ್ಟಿದ್ದೆ. ಒಳ ಅಳತೆ ಇಪ್ಪತ್ತೈದಕ್ಕೆ ಮೂವತ್ತೈದು ಅಡಿ. ಆ ಅಳತೆ ಅವನ ತಾಯಿ ಹುಲಗಮ್ಮನದು. ಆಯಕ್ಕೆ ಕೂಡುತ್ತದೆ ಎಂದು ಆಕೆಯೇ ಗೊತ್ತು ಮಾಡಿದ್ದು.

ನಮ್ಮ ಕಡೆ ಆಯ ನೋಡದೆ ಗುದ್ದಲಿ ಹಾಕುವವರಿಲ್ಲ. ಮನೆಯ ಉದ್ದ ಅಗಲ ಗುಣಿಸಿ, ಬಂದದ್ದರಲ್ಲಿ ಎಂಟೆಂಟು ತೆಗೆಯುತ್ತ ಹೋಗಬೇಕು. ಕೊನೆಗೆ ಮೂರು ಉಳಿದರೆ ಸಿಂಹ, ಐದಾದರೆ ಎತ್ತು, ಏಳಾದರೆ ಆನೆ, ಇವೆಲ್ಲ ಶುಭ. ನಾಲ್ಕು ಉಳಿದರೆ ನಾಯಿ, ಆರು ಉಳಿದರೆ ಕತ್ತೆ. ಕತ್ತೆ ಆಯದ ಮನೆಗೆ ಪಂಚಾಯಿತಿಯ ಪರವಾನಗಿ ಸಿಗಬಹುದು, ಸೊಸೆ ಸಿಗುವುದಿಲ್ಲ.

ಇವತ್ತು ಕನಕಪ್ಪ ತಾಯಿಯನ್ನೂ ಕರೆತಂದಿದ್ದ. ಎಪ್ಪತ್ತು ದಾಟಿದ ಮುದುಕಿ. ನನ್ನ ನಕ್ಷೆಯನ್ನು ಮೇಜಿನ ಮೇಲೆ ಹರಡಿ, ಸುತ್ತಲೂ ತಿರುಗಿ ನೋಡಿ, ಹೀಗಂದಳು: "ಇದು ಮ್ಯಾಲಿಂದ ನೋಡಿದ್ದು. ನಾನೇನು ಹದ್ದೇನೋ ಮಾರೆಪ್ಪ?"

ನಿಂತ ಮನುಷ್ಯನಿಗೆ ಮನೆ ಹೇಗೆ ಕಾಣುತ್ತದೋ ಹಾಗೆ ಆಕೆಗೆ ಬೇಕಂತೆ. ಒಲೆ ಎಲ್ಲಿ, ದೇವರು ಎಲ್ಲಿ, ಬಾಗಿಲು ಯಾವ ಕಡೆ ತೆರೆಯುತ್ತದೆ, ಎಲ್ಲ ಕಾಣಬೇಕು. ಅಳತೆಯನ್ನೂ ಅದರಲ್ಲೇ ಬರೆದಿರಬೇಕು, ಗೋಡೆ ಕಟ್ಟುವ ಗೌಂಡಿ ಶಫೀಸಾಬನಿಗೂ ಅದೇ ತಿಳಿಯುತ್ತದೆ ಎಂದಳು. ದಸರೆಯ ದಶಮಿಯ ದಿನ ಪಾಯದ ಪೂಜೆ. ಸಾಹೇಬರು ಹುಡುಗಿಯ ಕಡೆ ನೋಡಿ, ಕಂಪ್ಯೂಟರಿನಲ್ಲಿ ಐಸೋಮೆಟ್ರಿಕ್ ಚಿತ್ರ ಮಾಡಿ ಕೊಟ್ಟುಬಿಡೋಣ ಎಂದರು. ನನ್ನ ಕಡೆ ನೋಡಲಿಲ್ಲ.

ಸೆಪ್ಟೆಂಬರ್ 28, ಮಂಗಳವಾರ

ಕಾರಟಗಿ ಹುಡುಗಿ ಚಿತ್ರ ಮುಗಿಸಿದಳು. ಛಾವಣಿ ತೆಗೆದಿಟ್ಟು ಮೂಲೆಯಲ್ಲಿ ನಿಂತು ಒಳಗೆ ಇಣುಕಿದ ಹಾಗಿದೆ. ಒಂದು ಕಡೆಯ ಗೋಡೆ ಮೂವತ್ತು ಡಿಗ್ರಿ ಎಡಕ್ಕೆ ಏರುತ್ತದೆ, ಇನ್ನೊಂದು ಮೂವತ್ತು ಡಿಗ್ರಿ ಬಲಕ್ಕೆ. ಸೆಟ್ ಸ್ಕ್ವೇರ್ ಹಿಡಿದು ನಾನಿದನ್ನು ಮೂರು ದಿನದಲ್ಲಿ ಮಾಡುತ್ತಿದ್ದೆ. ಅವಳು ಒಂದೂವರೆ ದಿನದಲ್ಲಿ ಮಾಡಿದಳು. ಉಳಿದ ಒಂದೂವರೆ ದಿನವನ್ನು ಏನು ಮಾಡುತ್ತಾಳೋ ನೋಡಬೇಕು.

ನಾನು ಅವಳ ಹಿಂದಿನ ಕಿಟಕಿಯಿಂದ ಬೀದಿ ನೋಡುತ್ತಿದ್ದೆ. ಹಾಗೆ ನಿಂತಾಗ ಪರದೆ ಸ್ವಲ್ಪ ಕಾಣುತ್ತದೆ, ಅದಕ್ಕೆ ನಾನೇನು ಮಾಡಲಿ? ಎಫ್ ಐದು ಎಂಬ ಗುಂಡಿ ಒತ್ತಿದರೆ ಗೆರೆ ಎಳೆಯುವ ಗುರುತು ಎಡಗೋಡೆಯಿಂದ ನೆಲಕ್ಕೆ, ಮತ್ತೆ ಒತ್ತಿದರೆ ಬಲಗೋಡೆಗೆ ಹೋಗುತ್ತದೆ. ಮಧ್ಯಾಹ್ನದ ಮೇಲೆ ಅವಳು ಪರದೆಯನ್ನು ಕಿಟಕಿಯ ಕಡೆ ತಿರುಗಿಸಿದಳು, ಮಾಡುವುದನ್ನೂ ನಿಧಾನ ಮಾಡಿದಳು. ಬಿಸಿಲು ಕಣ್ಣಿಗೆ ಬೀಳುತ್ತಿರಬೇಕು.

ಇನ್ನು ಅಳತೆ ಹಾಕುವುದೊಂದೇ ಬಾಕಿ.

ಅಕ್ಟೋಬರ್ 5, ಮಂಗಳವಾರ

ಹುಡುಗಿ ಹಿರಿಯರ ಪೂಜೆಗೆಂದು ಮೂರು ದಿನ ಕಾರಟಗಿಗೆ ಹೋಗಿದ್ದಾಳೆ. ನಾಳೆಯೇ ಚಿತ್ರ ಬೇಕೆಂದು ಕನಕಪ್ಪನ ಫೋನು ಬಂತು. ಅಳತೆ ನಾನು ಹಾಕುತ್ತೇನೆ ಎಂದು ಸಾಹೇಬರಿಗೆ ಹೇಳಬೇಕೆಂದುಕೊಂಡೆ, ಹೇಳಲಿಲ್ಲ. ಮುಗಿಸಿ ತೋರಿಸಿದರಾಯಿತು, ಆಗ ಗೊತ್ತಾಗಲಿ ಮಾರೆಪ್ಪ ಯಾರೆಂದು.

ಅವರು ಸೈಟಿಗೆ ಹೋದದ್ದು ನೋಡಿ ಕೂತೆ. ಅಳತೆಯ ಪಟ್ಟಿಯಲ್ಲಿ ಮೊದಲು ಇದ್ದದ್ದು ಲೀನಿಯರ್. ಒತ್ತಿದೆ. ಗೋಡೆಯ ಈ ತುದಿ, ಆ ತುದಿ ಮುಟ್ಟಿದೆ. ಮೌಸನ್ನು ಪಕ್ಕಕ್ಕೆ ಎಳೆದರೆ ಹನ್ನೆರಡೂವರೆ ಅಡಿ ಎಂದಿತು. ಕೆಳಕ್ಕೆ ಎಳೆದರೆ ಅದೇ ಗೋಡೆ ಇಪ್ಪತ್ತೊಂದು ಅಡಿ ಎಂಟು ಇಂಚು ಎಂದಿತು. ನನ್ನ ನಕ್ಷೆಯಲ್ಲಿ ಅದು ಇಪ್ಪತ್ತೈದು.

ಕಾರಟಗಿಯಲ್ಲಿ ಅವಳ ಪಕ್ಕದ ಮನೆಯ ಫೋನ್ ನಂಬರು ಗೋಡೆಗೆ ಬರೆದಿದೆ. ಆಫೀಸಿನ ಫೋನಿನ ಬಿಲ್ಲು ಸಾಹೇಬರು ನೋಡುತ್ತಾರೆಂದು ಎಸ್‌ಟಿಡಿ ಬೂತಿನವರೆಗೂ ಹೋದೆ. ಮುಂದೆ ಇಬ್ಬರಿದ್ದರು. ಕಾಯುತ್ತ ನಿಂತಾಗ ಅನಿಸಿತು, ಫೋನಿನಲ್ಲಿ ಏನೆಂದು ಕೇಳುವುದು, ಯವ್ವಾ ಅಳತೆ ಹಾಕುವುದು ಹೇಗೆ ಎಂದೇ? ತಿರುಗಿ ಬಂದೆ. ಬರುವಾಗ ಪುಣ್ಯಕ್ಕೆ ಐಟಿಐಯಲ್ಲಿ ಓದಿದ್ದು ನೆನಪಾಯಿತು. ಐಸೋಮೆಟ್ರಿಕ್ ಸ್ಕೇಲಿನಲ್ಲಿ ಅಳತೆ ಸ್ವಲ್ಪ ಕಡಿಮೆಯಾಗುತ್ತದೆ. ಅಂದರೆ ಕಂಪ್ಯೂಟರು ಸರಿಯಾಗಿಯೇ ಹೇಳುತ್ತಿದೆ. ಎರಡು ಅಳತೆಗಳಲ್ಲಿ ದೊಡ್ಡದನ್ನು ಇಟ್ಟುಕೊಂಡೆ, ಮನೆ ದೊಡ್ಡದಿರಲಿ. ಇನ್ನೊಂದು ಗೋಡೆ ಮೂವತ್ತಡಿ ನಾಲ್ಕಿಂಚು ಬಂತು. ಎಲ್ಲ ಹಾಕಿ ಪ್ರಿಂಟ್ ತೆಗೆದೆ.

ಹಾಳೆಯ ಮೂಲೆಯಲ್ಲಿ 'ಬರೆದವರು' ಎಂಬ ಜಾಗದಲ್ಲಿ ಹುಡುಗಿಯ ಹೆಸರಿತ್ತು. ಅದನ್ನು ತೆಗೆದು ನನ್ನದು ಹಾಕಬೇಕೆಂದಿದ್ದೆ. ಹೇಗೆ ತೆಗೆಯುವುದೋ ತಿಳಿಯಲಿಲ್ಲ.

ಅಕ್ಟೋಬರ್ 6, ಬುಧವಾರ

ಕನಕಪ್ಪ ಚಿತ್ರ ಒಯ್ದ. ಸಾಹೇಬರು ಊರಲ್ಲಿರಲಿಲ್ಲ. ಕೈ ಮುಗಿದು, ಕಂಪ್ಯೂಟರ್ ಅಂದರೆ ಕಂಪ್ಯೂಟರೇ ಎಂದ. ನನಗೆ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ.

ಅಕ್ಟೋಬರ್ 11, ಸೋಮವಾರ

ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ.

ಬೆಳಿಗ್ಗೆ ಹುಲಗಮ್ಮ ಮಗನನ್ನೂ ಗೌಂಡಿಯನ್ನೂ ಕಟ್ಟಿಕೊಂಡು ಟಂಟಂ ಆಟೋದಲ್ಲಿ ಬಂದಿಳಿದಳು. ಶಫೀಸಾಬ ನಿನ್ನೆ ಜಾಗದಲ್ಲಿ ಸುಣ್ಣದ ಗೆರೆ ಹಾಕಿ ನೋಡಿದನಂತೆ. ಹಳೇ ನಕ್ಷೆಯಲ್ಲಿ ಇಪ್ಪತ್ತೈದು ಇತ್ತಲ್ಲ ಎಂದು ಸಾಹೇಬರು ಕೇಳಿದರೆ, ಹೊಸದು ಕಂಪ್ಯೂಟರಿನದು ಎಂದು ಕನಕಪ್ಪ ಹೇಳಿದ, ಅದಕ್ಕೆ ಹೊಸದನ್ನೇ ಹಿಡಿದೆ ಎಂದ ಗೌಂಡಿ. ಚಿತ್ರದ ಅಳತೆಯನ್ನು ಅವನು ಕೂಗಿ ಹೇಳಿದಾಗ ಹುಲಗಮ್ಮ ಕಟ್ಟೆಯ ಮೇಲೆ ಕೂತಿದ್ದಳಂತೆ.

ಆಕೆ ಸಾಹೇಬರ ಮುಂದೆ ಕೈ ಬೆರಳು ಮಡಚುತ್ತ ಲೆಕ್ಕ ಒಪ್ಪಿಸಿದಳು. ಸಾಲೆಯ ಮೆಟ್ಟಿಲು ಹತ್ತದ ಮುದುಕಿ ನೋಡಿ. "ಇಪ್ಪತ್ತೊಂದರಾಗ ಎಂಟೆಂಟು ತಗದ್ರ ಐದು ಉಳೀತು. ಮೂವತ್ತರಾಗ ತಗದ್ರ ಆರು. ಐದಾರ್ಲೆ ಮೂವತ್ತು, ಅದರಾಗ ಮತ್ತ ಎಂಟೆಂಟು ತಗೀರಿ. ಎಷ್ಟ ಉಳೀತು?"

ಸಾಹೇಬರು ಇಂಜಿನಿಯರು. ಕ್ಯಾಲ್ಕುಲೇಟರ್ ಹುಡುಕಿದರು.

"ಆರು," ಎಂದಳು ಹುಲಗಮ್ಮ. "ಕತ್ತಿ. ಇಂಚು ಕೂಡಿಸಿ ಇಪ್ಪತ್ತೆರಡು ಹಿಡಿದ್ರ ನಾಯಿ ಬರತೈತಿ. ನಾ ಸಿಂಹ ಕೇಳಿದ್ದೆ. ಕತ್ತಿ ಮನ್ಯಾಗ ನಾ ಕಾಲಿಡಂಗಿಲ್ಲ."

ಸಾಹೇಬರು ಹಾಳೆ ತೆಗೆದುಕೊಂಡು ಮೂಲೆಯಲ್ಲಿದ್ದ ಹೆಸರು ಓದಿದರು. ಅಂಜಲಿಯನ್ನು ಕರೆದರು. ಅವಳು ಹಾಳೆ ನೋಡಿದಳು. ಒಂದು ಸಲ ನನ್ನ ಕಡೆ ನೋಡಿದಳು. ಒಂದೇ ಸಲ. ಆಮೇಲೆ, ಸರಿ ಮಾಡಿ ಕೊಡುತ್ತೇನೆ ಎಂದಳು. ಸರಿ ಮಾಡುವುದು ಬೇಡ, ಒಂದನೇ ತಾರೀಖಿನಿಂದ ಬರುವುದೂ ಬೇಡ ಎಂದರು ಸಾಹೇಬರು. ಎಲ್ಲರ ಮುಂದೆ.

ನಾನು ಬೋರ್ಡಿನ ಬಳಿ ನಿಂತು ಪೆನ್ಸಿಲ್ ಚೂಪು ಮಾಡುತ್ತಿದ್ದೆ. ಅದು ಆಗಲೇ ಚೂಪಾಗಿತ್ತು.

ಅಕ್ಟೋಬರ್ 12, ಮಂಗಳವಾರ

ನನ್ನ ತಪ್ಪಾದರೂ ಏನು? ಕಂಪ್ಯೂಟರು ತೋರಿಸಿದ್ದನ್ನು ನಾನು ಹಾಕಿದೆ. ಹೆಸರು ತೆಗೆಯಲು ನನಗೆ ಬರಲಿಲ್ಲ, ಅದು ಮೋಸವಲ್ಲ. ಅವಳು ಸಣ್ಣವಳು, ಎಲ್ಲಿಯಾದರೂ ಕೆಲಸ ಸಿಗುತ್ತದೆ. ಕಂಪ್ಯೂಟರೂ ಅವಳ ಹಿಂದೆಯೇ ಹೋದರೆ ಒಳ್ಳೆಯದೇ ಆಯಿತು, ನಾನು ಬೇಡಿಕೊಂಡದ್ದೂ ಅದೇ.

ಅಕ್ಟೋಬರ್ 13, ಬುಧವಾರ

ಗಾಳೆಮ್ಮ ಬಡಿದ ರೊಟ್ಟಿ ಎರಡು ತಿನ್ನಲಾಗಲಿಲ್ಲ. ಆಫೀಸಿನಲ್ಲಿ ಏನು ಮಾಡಿ ಬಂದಿರಿ ಎಂದು ಕೇಳಿದಳು. ಏನಾಯಿತು ಎಂದು ಕೇಳಲಿಲ್ಲ, ಏನು ಮಾಡಿ ಬಂದಿರಿ ಎಂದೇ ಕೇಳಿದಳು. ಇಪ್ಪತ್ತು ವರ್ಷ ಸಂಸಾರ ಮಾಡಬಾರದು.

ಅಕ್ಟೋಬರ್ 14, ಗುರುವಾರ

ಹೇಳಿಬಿಟ್ಟೆ.

ಸಾಹೇಬರು ಹನ್ನೊಂದಕ್ಕೆ ಬಂದರು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಿ ನಿಂತೆ, ಮೊದಲನೇ ದಿನದ ಹಾಗೆ. ಕತ್ತೆ ನನ್ನದು ಎಂದೆ. ಅವರಿಗೆ ತಿಳಿಯಲಿಲ್ಲ. ಆಗ ಲೀನಿಯರ್, ಎಸ್‌ಟಿಡಿ ಬೂತು, ಐಟಿಐ, ತೆಗೆಯಲು ಬಾರದ ಹೆಸರು, ಎಲ್ಲ ಹೇಳಿದೆ. ಸೈಟಿಗೆ ಕಳಿಸಿರಿ, ಆಯಿತು, ಆದರೆ ಆ ಹುಡುಗಿಯನ್ನು ತೆಗೆಯಬೇಡಿ ಎಂದೆ. ನಾಚಿಕೆಯಾಯಿತು, ಆದರೆ ಮೂರು ದಿನದಿಂದ ಆಗುತ್ತಿದ್ದ ನಾಚಿಕೆಯ ಮುಂದೆ ಅದು ಏನೂ ಅಲ್ಲ.

ಸಾಹೇಬರು ಆ ಹಾಳೆಯನ್ನು ಮಡಚಿ ಡ್ರಾಯರಿಗೆ ಹಾಕಿದರು. ಅಂಜಲಿಯನ್ನು ಕರೆದು, ನೀನು ಇರು ಎಂದರು. ಆಮೇಲೆ ನನಗೆ ಶಿಕ್ಷೆ ಹೇಳಿದರು: "ನಾಳೆ ಅಳವಂಡಿಗೆ ನೀವ ಹೋಗ್ರಿ. ಹುಲಗಮ್ಮಗ ನೀವ ಹೇಳ್ರಿ." ಸೈಟೇ ವಾಸಿಯಿತ್ತು.

ಹೊರಗೆ ಬಂದು ಅಂಜಲಿಗೆ ಕೇಳಿದೆ, ಗೊತ್ತಿದ್ದೂ ಯಾಕೆ ಸುಮ್ಮನಿದ್ದೆಯವ್ವಾ ಎಂದು.

"ನೀವ ಹೇಳ್ತೀರಂತ ಮೂರು ದಿನ ಕಾದೆ ಸರ್," ಎಂದಳು. "ಇವತ್ತ ಮಧ್ಯಾಹ್ನ ನಾನ ಹೇಳಾಕಿದ್ದೆ."

ಹುಡುಗಿ ಬಹಳ ಘಾಟಿ.

ಅಕ್ಟೋಬರ್ 15, ಶುಕ್ರವಾರ

ಹುಲಗಮ್ಮ ಅಂಗಳದಲ್ಲಿ ಶೇಂಗಾ ಸುಲಿಯುತ್ತಿದ್ದಳು. ಹೇಳಿ ಮುಗಿಸಿದೆ. ಆಕೆ ಅಳತೆಯ ಬಗ್ಗೆ ಒಂದು ಮಾತೂ ಎತ್ತಲಿಲ್ಲ. "ಆ ಕೂಸಿಗೆ ಬೈಸಿದೆಲ್ಲೋ," ಎಂದಳು, ಅಷ್ಟೇ.

ಆಮೇಲೆ ಕೂರಿಸಿಕೊಂಡು ಶೇಂಗಾಕಾಳಿನಲ್ಲಿ ಎಂಟೆಂಟು ತೆಗೆಯುವುದನ್ನು ಕಲಿಸಿದಳು. ಇಪ್ಪತ್ತೈದರಲ್ಲಿ ಒಂದು ಉಳಿಯುತ್ತದೆ, ಮೂವತ್ತೈದರಲ್ಲಿ ಮೂರು. ಒಂದು ಮೂರಲೆ ಮೂರು, ಸಿಂಹ. ಯಾವ ಕಾಗದವನ್ನೇ ಆಗಲಿ ಹೀಗೆ ನೋಡದೆ ಕೊಡಬೇಡ ಎಂದಳು. ಪಾಯದ ದಿನ ಹಗ್ಗದ ತುದಿಯನ್ನು ಆ ಹುಡುಗಿಯೇ ಹಿಡಿಯಬೇಕು, ಅದು ಆಕೆಯ ಕರಾರು. ಬರುವಾಗ ಒಂದು ಚೀಲ ಶೇಂಗಾ ಕೊಟ್ಟಳು. ಅರ್ಧ ಅಂಜಲಿಗೆ ಎಂದು ನಾಲ್ಕು ಸಲ ಹೇಳಿದಳು, ನನ್ನ ಮೇಲಿನ ನಂಬಿಕೆ ಅಷ್ಟಿದೆ.

ಅಕ್ಟೋಬರ್ 16, ಶನಿವಾರ

ಇವತ್ತು ಇಡೀ ದಿನ ಅಂಜಲಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತೆ. ಕಿಟಕಿ ಮುಚ್ಚಿತ್ತು.

ವಿಷಯ ಇಷ್ಟೇ. ಲೀನಿಯರ್‌ಗೆ ಓರೆ ಗೊತ್ತಿಲ್ಲ. ವಾಲಿದ ಗೋಡೆಯ ನೆರಳು ಕೆಳಗೆ ಎಷ್ಟು ಬೀಳುತ್ತದೋ ಅಷ್ಟನ್ನೇ ಅದು ಹೇಳುತ್ತದೆ. ಅಲೈನ್ಡ್ ಎಂದು ಇನ್ನೊಂದಿದೆ, ಅದು ಗೋಡೆಯ ಜೊತೆಗೇ ವಾಲಿಕೊಂಡು ಅಳೆಯುತ್ತದೆ. ಹಾಕಿದೆ. ಇಪ್ಪತ್ತೈದು ಅಡಿ, ಸೊನ್ನೆ ಇಂಚು. ನನಗೆ ಕಣ್ಣಲ್ಲಿ ನೀರು ಬಂತು, ಪರದೆ ಹತ್ತಿರದಿಂದ ನೋಡಿದ್ದಕ್ಕೆ ಇರಬೇಕು.

ಅಳತೆ ಸರಿ, ಆದರೆ ಅದು ಸಂತೆಯಿಂದ ಕುಡಿದು ಬಂದವನ ಹಾಗೆ ಸೊಟ್ಟ ನಿಂತಿತ್ತು. ಅದಕ್ಕೆ ಆಬ್ಲಿಕ್ ಎಂದು ಕೊಟ್ಟು ಮೂವತ್ತು ಎಂದು ಹೊಡೆದರೆ ನೆಲದ ಮೇಲೆ ಮಲಗುತ್ತದೆ, ಇನ್ನೊಂದು ಗೋಡೆಗೆ ಮೈನಸ್ ಮೂವತ್ತು. ಅಕ್ಷರವನ್ನೂ ಅದೇ ಓರೆಗೆ ವಾಲಿಸಬೇಕು. ನಾನು ಮೈನಸ್ ಮರೆತು ಮರೆತು, ಅಳತೆಯೊಂದು ಹೊಸ್ತಿಲ ಬಳಿ ಬೇಲಿಯ ಹಾಗೆ ಎದ್ದು ನಿಂತಿತು. ಆರು ಅಳತೆಗೆ ಹನ್ನೊಂದು ಸಲ ಮಾಡಿದೆ. ಅಂಜಲಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕೊನೆಗೆ ಎರಡು ಚೀಟಿ ಬರೆದು ಪರದೆಯ ಅಂಚಿಗೆ ಅಂಟಿಸಿದಳು. ಲೀನಿಯರ್ ಅಂದರೆ ಕತ್ತೆ, ಅಲೈನ್ಡ್ ಅಂದರೆ ಸಿಂಹ. ಆಮೇಲೆ ತಪ್ಪಲಿಲ್ಲ.

ಚಹಾ ತಡವಾಗಿ ಬಂತು. ಕೀಬೋರ್ಡಿನ ಹತ್ತಿರ ಇಡಬೇಡಿ ಎಂದು ಅಂಜಲಿ ಗದರಿದ್ದರಿಂದ ನನ್ನ ಗ್ಲಾಸನ್ನು ಬೋರ್ಡಿನ ಮೇಲಿಟ್ಟು ಮೂರನೇ ಗೋಡೆಗೆ ಹೋದೆ. ತಣ್ಣಗಾಗಿತ್ತು, ಹಾಗೇ ಕುಡಿದೆ.

ಅಕ್ಟೋಬರ್ 21, ಗುರುವಾರ

ಖಂಡೇಪೂಜೆ, ಆಯುಧಗಳ ಹಬ್ಬ. ಟಿ-ಸ್ಕ್ವೇರಿಗೆ ವಿಭೂತಿ ಹಚ್ಚಿದೆ. ಮೌಸಿಗೂ ಹಚ್ಚಿದೆ. ಹಚ್ಚಿದ್ದು ಕೆಳಗಡೆಗಂತೆ, ಅದು ಈಗ ಓಡುತ್ತಿಲ್ಲ. ಅಂಜಲಿ ಬಟ್ಟೆ ಹಿಡಿದು ಕೂತಿದ್ದಾಳೆ.

ಅಕ್ಟೋಬರ್ 22, ಶುಕ್ರವಾರ, ದಶಮಿ

ಅಳವಂಡಿಯಲ್ಲಿ ಪೂಜೆ ಆಯಿತು. ಹೊಸ ಚಿತ್ರವನ್ನು ಹುಲಗಮ್ಮನ ಕೈಗೆ ಕೊಟ್ಟೆವು. ಆಕೆ ಕಾಗದದ ಮೇಲೆ ಬೆರಳಾಡಿಸುತ್ತ ಬಾಗಿಲಿಂದ ಒಳಗೆ ಹೋದಳು, ಎಡಕ್ಕೆ ತಿರುಗಿದಳು, ಒಲೆಯ ಬಳಿ ಬೆರಳು ನಿಲ್ಲಿಸಿದಳು. ಒಲೆ ಊದುವಾಗ ಬೀದಿ ಕಾಣುತ್ತದೆಯೇ ಎಂದು ಕೇಳಿದಳು. ಕಿಟಕಿ ಇದೆ, ಕಾಣುತ್ತದೆ ಎಂದಳು ಅಂಜಲಿ. ಮುದುಕಿಯ ಮುಖ ನೋಡಬೇಕಿತ್ತು. ಇಪ್ಪತ್ತೆರಡು ವರ್ಷದಲ್ಲಿ ನನ್ನ ನಕ್ಷೆ ನೋಡಿ ಯಾರ ಮುಖವೂ ಹಾಗೆ ಅರಳಿರಲಿಲ್ಲ. ಅವರಿಗೆಲ್ಲ ಆ ನಕ್ಷೆ ತಿಳಿದೇ ಇರಲಿಲ್ಲವೋ ಏನೋ, ನಾನು ಕೇಳಿರಲೂ ಇಲ್ಲ.

ಹಗ್ಗದ ಒಂದು ತುದಿ ಅಂಜಲಿ ಹಿಡಿದಳು, ಇನ್ನೊಂದನ್ನು ನಾನು. ಶಫೀಸಾಬ ಟೇಪು ಹಿಡಿದು ಇಪ್ಪತ್ತೈದು ಎಂದು ಕೂಗಿದ, ಮೂವತ್ತೈದು ಎಂದು ಕೂಗಿದ. ಹುಲಗಮ್ಮ ಬೆರಳು ಮಡಚಿದಳು. ನಾನೂ ಮಡಚಿದೆ. ಇಬ್ಬರಿಗೂ ಮೂರು ಬಂತು. ಆಗ ಆಕೆ ಗುದ್ದಲಿ ಹಾಕಲು ಹೇಳಿದಳು.

ನವೆಂಬರ್ 8, ಸೋಮವಾರ

ದೀಪಾವಳಿಗೆ ಇನ್ನು ನಾಲ್ಕು ದಿನ. ಸಾಹೇಬರು ಮರೆತಿರಲಿಲ್ಲ. ಯಲಬುರ್ಗಾದ ಅಂಗಡಿಯೊಂದರ ಐಸೋಮೆಟ್ರಿಕ್ ಹಾಳೆ ತರಿಸಿಕೊಂಡು, ಅಳತೆಗಳ ಮೇಲೆ ಸ್ಕೇಲ್ ಇಟ್ಟು ಒಂದೊಂದಾಗಿ ನೋಡಿದರು. ಕೊನೆಗೆ ಮೂಲೆ ಓದಿದರು. ಬರೆದವರು, ಮಾರೆಪ್ಪ. ಪರಿಶೀಲಿಸಿದವರು, ಅಂಜಲಿ. ಹೆಸರು ತೆಗೆದು ಹಾಕುವುದನ್ನು ಕಲಿತಿರಿ ಎಂದಾಯಿತು ಎಂದರು. ಸೈಟಿನ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಎದ್ದು ಹೋಗುವಾಗ ನನ್ನ ಹಳೇ ಡ್ರಾಯಿಂಗ್ ಬೋರ್ಡಿನ ಕಡೆ ಕೈ ತೋರಿಸಿ, ಜಾಗ ಸಾಲುತ್ತಿಲ್ಲ, ಇದನ್ನು ಐಟಿಐಗೆ ಕೊಟ್ಟುಬಿಡಲೇ ಎಂದು ಕೇಳಿದರು. ಅಂಜಲಿ ಗಾಬರಿಯಾಗಿ ನನ್ನ ಮುಖ ನೋಡಿದಳು. ನನಗೆ ಸಿಟ್ಟೇ ಬಂತು. ಇಂಜಿನಿಯರಾದರೂ ಇವರಿಗೆ ಆಫೀಸು ನಡೆಯುವುದು ಹೇಗೆಂದು ಗೊತ್ತಿಲ್ಲ.

"ಬ್ಯಾಡ್ರಿ ಸಾಹೇಬ್ರ," ಎಂದೆ. "ಅದನ್ನ ಕೊಟ್ರ ಚಹಾ ಎಲ್ಲಿ ಇಡೋದ್ರಿ?"